ಕೆಡಹುವ ಮುನ್ನ ಒಂದಿಷ್ಟು ಕಾಲಾವಕಾಶ

(ಮುಂಬಯಿಯಲ್ಲಿ ಕನ್ನಡ ಬಾಂಧವರ ಸಭೆಯೊಂದರಲ್ಲಿ ಮಾಡಿದ ಭಾಷಣದ ಪಠ್ಯ)



ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆಯನ್ನು ನಾವೆಲ್ಲರೂ ಬಾಲ್ಯದಿಂದಲೇ ಕೇಳಿದವರು. ಒಡೆದುಹೋದದ್ದು ಮಡಕೆಯಾದರೆ ಕುಂಬಾರನು ಮತ್ತೊಂದನ್ನು ಮಾಡಿಕೊಟ್ಟಾನು. ಆದರೆ ನೂರು ವರುಷ ಬಾಳಿದ ಕಟ್ಟಡವೊಂದು ಉರುಳಿದರೆ ಅದನ್ನು ಮತ್ತೆ ಕಟ್ಟಿಕೊಡುವ ಕುಂಬಾರನು ಎಲ್ಲಿಯೂ ಇಲ್ಲ. ಕಟ್ಟಿದ ಕೈಗಳು ಇಲ್ಲ. ಆ ಕಲ್ಲು, ಆ ಸಾಗುವಾನಿ, ಆ ಗಾರೆಯ ಹದ ಯಾವುದೂ ದೊರೆಯುವುದಿಲ್ಲ. ದೊಣ್ಣೆಯ ಆ ಒಂದು ನಿಮಿಷವನ್ನು ಕೆಲವು ತಿಂಗಳುಗಳಷ್ಟಾದರೂ ಮುಂದಕ್ಕೆ ಹಾಕುವುದು ಸಾಧ್ಯವೇ, ಅದರಿಂದ ಪ್ರಯೋಜನವೇನು ಎಂಬುದೇ ಇಂದಿನ ನನ್ನ ಭಾಷಣದ ವಿಷಯ.

ಈ ವಿಷಯವು ಕನ್ನಡಿಗರ ಸಭೆಗೆ ಏಕೆ ಎಂದು ತಾವು ಕೇಳಬಹುದು. ಈ ನಗರದ ಕೋಟೆ ಪ್ರದೇಶದಲ್ಲಿ ಹಗಲು ಹೋಟೆಲುಗಳಲ್ಲಿ ದುಡಿದು, ರಾತ್ರಿ ಶಾಲೆಗಳಲ್ಲಿ ಓದಿ ಮುಂದೆ ಬಂದವರ ಮಕ್ಕಳು, ಮೊಮ್ಮಕ್ಕಳು ಇಲ್ಲಿ ಹಲವರಿದ್ದಾರೆ. ಆ ಹಿರಿಯರು ನಡೆದ ಕಮಾನುಗಳ ಸಾಲು, ಬಾಳಿದ ಚಾಳುಗಳು, ಹತ್ತಿದ ಮರದ ಮೆಟ್ಟಿಲುಗಳು ಅವರ ಬದುಕಿಗೆ ಸಾಕ್ಷಿಯಾಗಿವೆ. ಹುಟ್ಟೂರಿನ ಗುಡಿ ಎಷ್ಟು ನಮ್ಮದೋ ಬಂದು ನೆಲೆಸಿದ ಊರಿನ ಬೀದಿಯೂ ಅಷ್ಟೇ ನಮ್ಮದು. ಪುಣೆಯ ವಾಡೆಗಳ ನಡುವೆ, ಚೆನ್ನೈಯ ಅಣ್ಣಾ ಸಾಲೆಯ ಬದಿಯಲ್ಲಿ, ಹೈದರಾಬಾದಿನ ದೇವಡಿಗಳ ನೆರಳಿನಲ್ಲಿ, ದೆಹಲಿಯ ಹಳೆಯ ಮೊಹಲ್ಲಾಗಳಲ್ಲಿ ವಾಸಿಸುವ ನಮ್ಮ ಬಾಂಧವರಿಗೂ ಈ ಮಾತು ಅನ್ವಯಿಸುತ್ತದೆ.

ಸ್ಥಳೀಯ ನಿಯಮಗಳು ಏಕೆ ಬೇಕು?

ನಮ್ಮ ದೇಶದಲ್ಲಿ ಪ್ರಾಚೀನ ಸ್ಮಾರಕಗಳ ರಕ್ಷಣೆಗೆ 1958ರ ಕೇಂದ್ರ ಕಾಯಿದೆಯಿದೆ. ರಾಷ್ಟ್ರೀಯ ಮಹತ್ವದ್ದೆಂದು ಘೋಷಿತವಾದ ಸುಮಾರು 3,700 ಸ್ಮಾರಕಗಳನ್ನು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯು ನೋಡಿಕೊಳ್ಳುತ್ತದೆ. 2010ರಲ್ಲಿ ಆದ ತಿದ್ದುಪಡಿಯಂತೆ ಇಂತಹ ಸ್ಮಾರಕದ ಸುತ್ತಲಿನ 100 ಮೀಟರುಗಳವರೆಗೆ ಹೊಸ ಕಟ್ಟಡಕ್ಕೆ ನಿಷೇಧವಿದೆ. ಅದರಿಂದಾಚೆಗಿನ 200 ಮೀಟರುಗಳಲ್ಲಿ ಅನುಮತಿಯಿಲ್ಲದೆ ಕಟ್ಟುವಂತಿಲ್ಲ. ಹಲವು ರಾಜ್ಯಗಳಲ್ಲಿ ಇದೇ ಬಗೆಯ ರಾಜ್ಯ ಕಾಯಿದೆಗಳೂ ಇವೆ.

ಆದರೆ ನಗರವೊಂದರ ಸ್ವರೂಪವನ್ನು ರೂಪಿಸುವ ಮನೆ, ಮಾರುಕಟ್ಟೆ, ಪುಸ್ತಕಾಲಯ, ಸಿನಿಮಾ ಮಂದಿರ, ರೈಲು ನಿಲ್ದಾಣ ಮುಂತಾದವುಗಳಲ್ಲಿ ಹೆಚ್ಚಿನವು ಈ ಪಟ್ಟಿಗೆ ಸೇರುವಂಥವಲ್ಲ. ಅವುಗಳಲ್ಲಿ ಜನರು ವಾಸಿಸುತ್ತಿದ್ದಾರೆ, ವ್ಯಾಪಾರ ನಡೆಸುತ್ತಿದ್ದಾರೆ. ಅವುಗಳಿಗೆ ಮಾಲೀಕರಿದ್ದಾರೆ, ಬಾಡಿಗೆದಾರರಿದ್ದಾರೆ. ಬೇಲಿ ಹಾಕಿ, ಕಾವಲುಗಾರನನ್ನು ನಿಲ್ಲಿಸಿ ರಕ್ಷಿಸುವ ವಿಧಾನವು ಇಲ್ಲಿ ನಡೆಯದು. ಕಟ್ಟುವುದಕ್ಕೂ ಕೆಡಹುವುದಕ್ಕೂ ಪರವಾನಗಿ ಕೊಡುವ ಅಧಿಕಾರವು ನಗರದ ಆಡಳಿತದ ಕೈಯಲ್ಲಿರುವುದರಿಂದ ಇಂತಹ ಕಟ್ಟಡಗಳ ಹಣೆಬರಹವನ್ನು ಬರೆಯುವುದೂ ಆ ಆಡಳಿತವೇ. ಸಂವಿಧಾನದ 74ನೆಯ ತಿದ್ದುಪಡಿಯು ಸೇರಿಸಿದ ಹನ್ನೆರಡನೆಯ ಅನುಸೂಚಿಯಲ್ಲಿ ಸಾಂಸ್ಕೃತಿಕ ಹಾಗೂ ಸೌಂದರ್ಯ ಸಂಬಂಧವಾದ ಅಂಶಗಳ ಪೋಷಣೆಯೂ ನಗರಸಭೆಗಳ ಕಾರ್ಯಗಳಲ್ಲಿ ಒಂದೆಂದು ಹೇಳಿರುವುದನ್ನು ಇಲ್ಲಿ ಸ್ಮರಿಸಬಹುದು.

ಹೊರದೇಶದ ಒಂದು ಮಾದರಿ

ಕಾಲಾವಕಾಶದ ತತ್ತ್ವವನ್ನು ಅದರ ಸರಳ ರೂಪದಲ್ಲಿ ಕಾಣಬೇಕಾದರೆ ಅಮೆರಿಕದತ್ತ ನೋಡಬೇಕು. ನ್ಯೂಯಾರ್ಕಿನಲ್ಲಿ 1910ರಲ್ಲಿ ತೆರೆದ ಪೆನ್ಸಿಲ್ವೇನಿಯಾ ನಿಲ್ದಾಣವು ಕಲ್ಲಿನ ಕಂಬಗಳ ಭವ್ಯ ಕಟ್ಟಡವಾಗಿದ್ದಿತು. 1963ರಲ್ಲಿ ಅದನ್ನು ಕೆಡಹಲು ಆರಂಭಿಸಿದಾಗ ವಾಸ್ತುಶಿಲ್ಪಿಗಳೂ ನಾಗರಿಕರೂ ಬೀದಿಗಿಳಿದು ಪ್ರತಿಭಟಿಸಿದರು. ಆದರೆ ಅದನ್ನು ತಡೆಯುವ ನಿಯಮವೇ ಅಲ್ಲಿರಲಿಲ್ಲ. ಆ ನಷ್ಟದ ನೋವಿನಲ್ಲಿಯೇ 1965ರಲ್ಲಿ ಆ ನಗರದ ಸಂರಕ್ಷಣಾ ಕಾನೂನು ಜಾರಿಗೆ ಬಂದಿತು.

ಮಸಾಚುಸೆಟ್ಸ್ ರಾಜ್ಯದ ಕೇಂಬ್ರಿಜ್ ಎಂಬ ಊರು 1979ರಲ್ಲಿ ಇನ್ನೊಂದು ದಾರಿಯನ್ನು ಹಿಡಿಯಿತು. ಅಲ್ಲಿ 50 ವರುಷಗಳಿಗಿಂತ ಹಳೆಯದಾದ ಕಟ್ಟಡವನ್ನು ಕೆಡಹಲು ಅರ್ಜಿ ಬಂದರೆ, ಆ ಅರ್ಜಿಯು ಮೊದಲು ಊರಿನ ಐತಿಹಾಸಿಕ ಆಯೋಗದ ಮುಂದೆ ಹೋಗುತ್ತದೆ. ಕಟ್ಟಡಕ್ಕೆ ವಿಶೇಷ ಮಹತ್ವವಿಲ್ಲವಾದರೆ ಅನುಮತಿಗೆ ಅಡ್ಡಿಯಿಲ್ಲ. ಮಹತ್ವವಿದ್ದರೆ ಬಹಿರಂಗ ವಿಚಾರಣೆ ನಡೆಯುತ್ತದೆ. ಉಳಿಸಿಕೊಳ್ಳತಕ್ಕದ್ದೆಂದು ಕಂಡುಬಂದರೆ ಪರವಾನಗಿಯನ್ನು ನಿರ್ದಿಷ್ಟ ಅವಧಿಯವರೆಗೆ ತಡೆಹಿಡಿಯಲಾಗುತ್ತದೆ. ಆರಂಭದಲ್ಲಿ ಈ ಅವಧಿ ಆರು ತಿಂಗಳಾಗಿದ್ದಿತು. ಆ ರಾಜ್ಯದ 351 ಊರುಗಳ ಪೈಕಿ 150ಕ್ಕೂ ಹೆಚ್ಚು ಊರುಗಳು ಇಂತಹ ನಿಯಮವನ್ನು ಅಳವಡಿಸಿಕೊಂಡಿವೆ. ಅವುಗಳಲ್ಲಿ ಕೆಲವು ಅವಧಿಯನ್ನು ಹನ್ನೆರಡು ಅಥವಾ ಹದಿನೆಂಟು ತಿಂಗಳುಗಳಿಗೆ ವಿಸ್ತರಿಸಿವೆ. ಷಿಕಾಗೋ ನಗರವು 2003ರಲ್ಲಿ ಮಾಡಿದ ನಿಯಮದಂತೆ, ಸಮೀಕ್ಷೆಯಲ್ಲಿ ಕೆಂಪು ಅಥವಾ ಕಿತ್ತಳೆ ಬಣ್ಣದಿಂದ ಗುರುತಿಸಲ್ಪಟ್ಟ ಕಟ್ಟಡಗಳಿಗೆ 90 ದಿನಗಳವರೆಗಿನ ತಡೆ ಇದೆ.

ಈ ನಿಯಮಗಳಲ್ಲಿ ಗಮನಿಸತಕ್ಕ ಅಂಶವೊಂದಿದೆ. ಅವು ಕೆಡಹುವುದನ್ನು ನಿಷೇಧಿಸುವುದಿಲ್ಲ. ಅವಧಿ ಮುಗಿದ ಮೇಲೆಯೂ ಮಾಲೀಕನು ತನ್ನ ನಿರ್ಧಾರಕ್ಕೇ ಅಂಟಿಕೊಂಡರೆ ಕಟ್ಟಡವನ್ನು ಕೆಡಹಬಹುದು. ಹಾಗಾದರೆ ಪ್ರಯೋಜನವೇನು? ಆ ತಿಂಗಳುಗಳಲ್ಲಿ ಮಾಲೀಕನೊಡನೆ ಮಾತುಕತೆ ನಡೆಸಬಹುದು. ಕಟ್ಟಡವನ್ನು ಕೊಳ್ಳುವವರು ಮುಂದೆ ಬರಬಹುದು, ಅದಕ್ಕೆ ಹೊಸ ಉಪಯೋಗವನ್ನು ಯೋಚಿಸಬಹುದು, ಹಳೆಯ ಭಾಗವನ್ನು ಉಳಿಸಿಕೊಂಡು ಹಿಂಬದಿಯಲ್ಲಿ ಹೊಸದನ್ನು ಕಟ್ಟುವ ನಕ್ಷೆ ಸಿದ್ಧವಾಗಬಹುದು. ಯಾವುದೂ ಸಾಧ್ಯವಾಗದಿದ್ದರೆ ಕಟ್ಟಡದ ಅಳತೆಗಳನ್ನು, ಛಾಯಾಚಿತ್ರಗಳನ್ನು ದಾಖಲಿಸಿಯಾದರೂ ಇಟ್ಟುಕೊಳ್ಳಬಹುದು.

ನಮ್ಮ ನಗರಗಳ ನಿಯಮಗಳು

ನಮ್ಮಲ್ಲಿನ ನಿಯಮಗಳು ಇದಕ್ಕಿಂತ ಬಲವಾದವು. ಇಲ್ಲಿ ನಿಗದಿತ ಅವಧಿಯ ತಡೆಯ ಬದಲು ಪೂರ್ವಾನುಮತಿಯ ಪದ್ಧತಿಯಿದೆ. ಬೃಹನ್ಮುಂಬಯಿಯ ಅಭಿವೃದ್ಧಿ ನಿಯಂತ್ರಣ ನಿಯಮಾವಳಿಗೆ 1995ರ ಏಪ್ರಿಲಿನಲ್ಲಿ ಸೇರಿದ 67ನೆಯ ನಿಯಮವು ಈ ದಿಸೆಯಲ್ಲಿ ದೇಶದ ಇತರ ನಗರಗಳಿಗೆ ಮಾದರಿಯಾಯಿತು. ಅದರಂತೆ ಸುಮಾರು 600 ಕಟ್ಟಡಗಳು ಮತ್ತು ಪ್ರದೇಶಗಳ ಪಟ್ಟಿಯನ್ನು ಮಾಡಿ ಅವುಗಳನ್ನು ಮೂರು ದರ್ಜೆಗಳಲ್ಲಿ ವಿಂಗಡಿಸಲಾಯಿತು. ಮೊದಲನೆಯ ದರ್ಜೆಯವು ರಾಷ್ಟ್ರೀಯ ಅಥವಾ ಐತಿಹಾಸಿಕ ಮಹತ್ವದವು. ಅವುಗಳಲ್ಲಿ ಅತ್ಯವಶ್ಯವಾದ ದುರಸ್ತಿಯ ಹೊರತು ಬದಲಾವಣೆಗೆ ಅವಕಾಶವಿಲ್ಲ. ಎರಡನೆಯ ದರ್ಜೆಯವು ಪ್ರಾದೇಶಿಕ ಮಹತ್ವದವು. ಅವುಗಳ ಒಳಭಾಗದಲ್ಲಿ ಮಿತವಾದ ಬದಲಾವಣೆ ಸಾಧ್ಯ. ಮೂರನೆಯ ದರ್ಜೆಯವು ಬೀದಿಯ ಒಟ್ಟು ಅಂದಕ್ಕೆ ಕಾರಣವಾದವು. ಅವುಗಳ ವಿಷಯದಲ್ಲಿ ನಿಯಮವು ಇನ್ನೂ ಸಡಿಲವಾಗಿದೆ. ಪಟ್ಟಿಯಲ್ಲಿರುವ ಕಟ್ಟಡದ ಬಗ್ಗೆ ಮಹಾನಗರಪಾಲಿಕೆಯ ಆಯುಕ್ತರು ಪಾರಂಪರಿಕ ಸಂರಕ್ಷಣಾ ಸಮಿತಿಯ ಸಲಹೆಯನ್ನು ಪಡೆಯಬೇಕಾಗುತ್ತದೆ. 2018ರಲ್ಲಿ ಜಾರಿಗೆ ಬಂದ ಹೊಸ ನಿಯಮಾವಳಿಯಲ್ಲಿ ಇದು 52ನೆಯ ನಿಯಮವಾಗಿ ಮುಂದುವರಿದಿದೆ.

ತಮಿಳುನಾಡಿನಲ್ಲಿ 2012ರಲ್ಲಿ ಪಾರಂಪರಿಕ ಆಯೋಗದ ಕಾಯಿದೆಯಾಯಿತು. ಹೈದರಾಬಾದಿನ ನಗರಾಭಿವೃದ್ಧಿ ನಿಯಮಗಳ ಅಡಿಯಲ್ಲಿ ಸಿದ್ಧವಾದ ಪಟ್ಟಿಯಲ್ಲಿ ಕಟ್ಟಡಗಳ ಜೊತೆಗೆ ಆ ಪ್ರದೇಶದ ಬೃಹತ್ ಬಂಡೆಗಳ ಸಮೂಹಗಳೂ ಸೇರಿದ್ದವೆಂಬುದು ಸ್ವಾರಸ್ಯಕರ. ಕೇಂದ್ರ ಸರ್ಕಾರವು 2016ರಲ್ಲಿ ಹೊರತಂದ ಮಾದರಿ ಕಟ್ಟಡ ಉಪವಿಧಿಗಳಲ್ಲಿಯೂ ಪಾರಂಪರಿಕ ಕಟ್ಟಡಗಳಿಗೆ ಪ್ರತ್ಯೇಕ ಅಧ್ಯಾಯವಿದೆ. ಸ್ವಂತ ನಿಯಮವಿಲ್ಲದ ನಗರಗಳು ಅದನ್ನು ಆಧಾರವಾಗಿ ಇಟ್ಟುಕೊಳ್ಳಬಹುದು.

ನಿಯಮವಿದ್ದ ಮಾತ್ರಕ್ಕೆ ಕಟ್ಟಡ ಉಳಿಯುವುದೇ? ಈ ಪ್ರಶ್ನೆಗೆ ಇತ್ತೀಚಿನ ಮೂರು ಪ್ರಸಂಗಗಳು ಮೂರು ಬಗೆಯ ಉತ್ತರವನ್ನು ಕೊಡುತ್ತವೆ.

ಮೂರು ನಿದರ್ಶನಗಳು

ಮೊದಲನೆಯದು ಹೈದರಾಬಾದಿನ ಇರ್ರಂ ಮಂಜಿಲ್. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ನವಾಬ್ ಫಖ್ರುಲ್ ಮುಲ್ಕ್ ಕಟ್ಟಿಸಿದ ಈ ಅರಮನೆಯ ಸ್ಥಳದಲ್ಲಿ ವಿಧಾನಸಭೆಯ ಹೊಸ ಭವನವನ್ನು ಕಟ್ಟಲು 2019ರ ಜೂನಿನಲ್ಲಿ ತೆಲಂಗಾಣದ ಸಚಿವ ಸಂಪುಟ ತೀರ್ಮಾನಿಸಿತು; ಶಂಕುಸ್ಥಾಪನೆಯೂ ನಡೆಯಿತು. ನಾಗರಿಕರು ನ್ಯಾಯಾಲಯಕ್ಕೆ ಹೋದರು. ಅರಮನೆಯು ಪಾರಂಪರಿಕ ಕಟ್ಟಡಗಳ ಪಟ್ಟಿಯಲ್ಲಿದ್ದಿತು, ಅದನ್ನು ಕೆಡಹಲು ನಗರಾಭಿವೃದ್ಧಿ ಪ್ರಾಧಿಕಾರದ ಪೂರ್ವಾನುಮತಿ ಬೇಕಾಗಿದ್ದಿತು, ಅದನ್ನು ಪಡೆದಿರಲಿಲ್ಲ. ಅದೇ ವರುಷದ ಸೆಪ್ಟೆಂಬರಿನಲ್ಲಿ ಹೈಕೋರ್ಟು ಸಂಪುಟದ ತೀರ್ಮಾನವನ್ನು ರದ್ದುಪಡಿಸಿತು. ಸರ್ಕಾರವೇ ಆಗಲಿ, ಸಾಮಾನ್ಯ ಮಾಲೀಕನೇ ಆಗಲಿ, ಕೇಳಬೇಕಾದ ಅನುಮತಿಯನ್ನು ಕೇಳಿಯೇ ಮುಂದುವರಿಯಬೇಕೆಂಬುದು ಇದರಿಂದ ಸ್ಪಷ್ಟವಾಯಿತು.

ಎರಡನೆಯದು ದೆಹಲಿಯ ಪ್ರಗತಿ ಮೈದಾನದಲ್ಲಿದ್ದ ಹಾಲ್ ಆಫ್ ನೇಷನ್ಸ್. ಸ್ವಾತಂತ್ರ್ಯದ ಬೆಳ್ಳಿಹಬ್ಬದ ವರುಷವಾದ 1972ರಲ್ಲಿ ವಾಸ್ತುಶಿಲ್ಪಿ ರಾಜ್ ರೇವಾಲ್ ಮತ್ತು ಎಂಜಿನಿಯರ್ ಮಹೇಂದ್ರ ರಾಜ್ ಇದನ್ನು ರೂಪಿಸಿದರು. ಉಕ್ಕಿನಲ್ಲಿ ಮಾಡುವ ಜಾಲರಿಯಂತಹ ರಚನೆಯನ್ನು ಸ್ಥಳದಲ್ಲಿಯೇ ಎರಕ ಹೊಯ್ದ ಕಾಂಕ್ರೀಟಿನಲ್ಲಿ ಸಾಧಿಸಿದ ಕಟ್ಟಡವೆಂದು ಅದು ವಿಶ್ವವಿಖ್ಯಾತವಾಗಿದ್ದಿತು. ಅದನ್ನು ಉಳಿಸಬೇಕೆಂಬ ಮನವಿ ಬಂದಾಗ, 60 ವರುಷ ತುಂಬಿದ ಕಟ್ಟಡಗಳನ್ನು ಮಾತ್ರ ಪರಿಗಣಿಸಲಾಗುವುದೆಂದು ಪಾರಂಪರಿಕ ಸಮಿತಿ ತಿಳಿಸಿತು. ಹಾಲ್ ಆಫ್ ನೇಷನ್ಸ್‌ಗೆ ಆಗ 45 ವರುಷ. 2017ರ ಏಪ್ರಿಲಿನಲ್ಲಿ ಹೈಕೋರ್ಟಿನಲ್ಲಿ ಮನವಿ ತಿರಸ್ಕೃತವಾದ ಕೆಲವೇ ದಿನಗಳಲ್ಲಿ, ರಾತ್ರಿಯ ಹೊತ್ತಿನಲ್ಲಿ, ಅದು ನೆಲಸಮವಾಯಿತು. ಪಟ್ಟಿಯಲ್ಲಿ ಇಲ್ಲದ ಕಟ್ಟಡಕ್ಕೆ ಕಾಲಾವಕಾಶವೂ ಇಲ್ಲ. ವಯಸ್ಸೊಂದನ್ನೇ ಅಳತೆಗೋಲು ಮಾಡಿಕೊಂಡರೆ ಸ್ವತಂತ್ರ ಭಾರತದ ಸಾಧನೆಗಳೇ ಮುಪ್ಪಿಗೆ ಮುನ್ನ ಅಳಿಯುವ ಅಪಾಯವಿದೆ.

ಮೂರನೆಯದು ಚೆನ್ನೈಯ ಅಣ್ಣಾ ಸಾಲೆಯಲ್ಲಿರುವ ಭಾರತ್ ಇನ್ಷೂರೆನ್ಸ್ ಕಟ್ಟಡ. 1897ರ ಈ ಗೋಪುರಗಳ ಕಟ್ಟಡವನ್ನು 2006ರಲ್ಲಿ ಕೆಡಹಲು ಆರಂಭಿಸಿದಾಗ ಭಾರತೀಯ ಕಲೆ ಮತ್ತು ಸಾಂಸ್ಕೃತಿಕ ಪರಂಪರೆಯ ರಾಷ್ಟ್ರೀಯ ನ್ಯಾಸವಾದ ಇಂಟ್ಯಾಕ್ ಸಂಸ್ಥೆಯು ಮದರಾಸು ಹೈಕೋರ್ಟಿನ ಮೊರೆಹೊಕ್ಕು ತಡೆಯಾಜ್ಞೆ ಪಡೆಯಿತು. 2010ರ ತೀರ್ಪು ಕಟ್ಟಡದ ಪರವಾಗಿ ಬಂದಿತು. ಆದರೆ ತೀರ್ಪಿನ ತರುವಾಯವೂ ವರುಷಗಟ್ಟಲೆ ಅದು ದುರಸ್ತಿ ಕಾಣದೆ ಗಿಡಗಂಟಿಗಳು ಬೆಳೆದು ನಿಂತಿದ್ದಿತು. ಇಲ್ಲಿ ಕಾಲಾವಕಾಶವು ದೊರೆಯಿತು. ಅದನ್ನು ಉಪಯೋಗಿಸಿಕೊಳ್ಳುವ ಕೆಲಸ ಮಾತ್ರ ಆಗಲಿಲ್ಲ.

ಅಪಾಯದ ಪ್ರಶ್ನೆ

ಹೀಗೆ ಸುಮ್ಮನೆ ಬಿಟ್ಟ ಕಟ್ಟಡವು ಪ್ರಾಣಕ್ಕೂ ಎರವಾಗಬಹುದು. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡವನ್ನು ಅರಿಯದ ಕನ್ನಡಿಗರು ಕಡಿಮೆ. ಅಲ್ಲಿಯ ಹಳೆಯ ಪುಸ್ತಕದ ಅಂಗಡಿಗಳಲ್ಲಿ ಪಠ್ಯಪುಸ್ತಕ ಕೊಂಡವರು ಈ ಸಭೆಯಲ್ಲಿಯೂ ಇರಬಹುದು. 2012ರ ಆಗಸ್ಟಿನಲ್ಲಿ ಅದರ ಒಂದು ಭಾಗ ಕುಸಿದು ನಾಲ್ವರು ಮೃತಪಟ್ಟರು. 2016ರ ಆಗಸ್ಟಿನಲ್ಲಿ ಸಮೀಪದ ದೇವರಾಜ ಮಾರುಕಟ್ಟೆಯ ಒಂದು ಭಾಗವೂ ಕುಸಿಯಿತು. ಅನಂತರ ಕೆಡಹಿ ಕಟ್ಟಬೇಕೇ, ದುರಸ್ತಿ ಮಾಡಬೇಕೇ ಎಂಬ ವಾದವು ವರುಷಗಳ ಕಾಲ ನಡೆಯಿತು. ಕಟ್ಟಡವನ್ನು ಪ್ರೀತಿಸುವವರು ಈ ನಾಲ್ಕು ಜೀವಗಳನ್ನು ಮರೆತು ಮಾತನಾಡುವಂತಿಲ್ಲ. ಮಾಡು ಸೋರುವಾಗ ಹೆಂಚು ಬದಲಾಯಿಸದೆ, ಗೋಡೆಯಲ್ಲಿ ಅರಳಿಯ ಸಸಿ ಮೊಳೆತಾಗ ಕೀಳದೆ ಇದ್ದು, ಕೊನೆಗೆ ಅಪಾಯಕಾರಿಯೆಂದು ಫಲಕ ಹಾಕುವುದೂ ಕೆಡಹುವುದರ ಇನ್ನೊಂದು ರೂಪವೇ.

ಆದರೆ ಅಪಾಯಕಾರಿ ಎಂಬ ಮಾತನ್ನು ಪರೀಕ್ಷಿಸದೆ ಒಪ್ಪುವುದೂ ಸರಿಯಲ್ಲ. ಮುಂಬಯಿಯ ಕಾಲಾ ಘೋಡಾದ ವಾಟ್ಸನ್ ಹೋಟೆಲು, ಅಂದರೆ ಎಸ್‌ಪ್ಲನೇಡ್ ಮ್ಯಾನ್ಷನ್, 1860ರ ದಶಕದಲ್ಲಿ ಇಂಗ್ಲೆಂಡಿನಿಂದ ತಂದ ಎರಕದ ಕಬ್ಬಿಣದ ಚೌಕಟ್ಟಿನ ಮೇಲೆ ನಿಂತ ಕಟ್ಟಡ. 1896ರ ಜುಲೈ 7ರಂದು ಲ್ಯೂಮಿಯೇರ್ ಸಹೋದರರ ಚಲಚ್ಚಿತ್ರಗಳು ಭಾರತದಲ್ಲಿ ಮೊದಲ ಬಾರಿಗೆ ಪ್ರದರ್ಶಿತವಾದದ್ದು ಇಲ್ಲಿಯೇ. 2005ರಲ್ಲಿ ಇದರ ಬಾಲ್ಕನಿಯ ಭಾಗ ಕುಸಿದು ಒಬ್ಬರು ಮೃತಪಟ್ಟರು. 2019ರಲ್ಲಿ ನಿವಾಸಿಗಳನ್ನು ತೆರವು ಮಾಡಿಸಲಾಯಿತು. ಕಟ್ಟಡವನ್ನು ಕೆಡಹಬೇಕೆಂದು ತಾಂತ್ರಿಕ ವರದಿಯೊಂದು ಹೇಳಿತು. ಸಂರಕ್ಷಣೆಯಲ್ಲಿ ನುರಿತ ಇನ್ನೊಂದು ತಂಡವು ಪರಿಶೀಲಿಸಿ, ದುರಸ್ತಿ ಸಾಧ್ಯವೆಂದು ಅಭಿಪ್ರಾಯಪಟ್ಟಿತು. ಮೊದಲ ವರದಿಯ ಮರುದಿನವೇ ಯಂತ್ರಗಳು ಬಂದಿದ್ದರೆ ಎರಡನೆಯ ಅಭಿಪ್ರಾಯವನ್ನು ಕೇಳುವ ಅವಕಾಶವೇ ಇರುತ್ತಿರಲಿಲ್ಲ. ಜನರನ್ನು ಕೂಡಲೇ ಸುರಕ್ಷಿತ ಸ್ಥಳಕ್ಕೆ ಕಳುಹಿಸಬೇಕು. ಕಟ್ಟಡದ ಬಗೆಗಿನ ನಿರ್ಧಾರವನ್ನು ನಿಧಾನವಾಗಿ ಮಾಡಬೇಕು. ಈ ಎರಡನ್ನೂ ಬೇರೆ ಬೇರೆಯಾಗಿ ನೋಡುವುದೇ ವಿವೇಕ.

ಮಾಲೀಕರ ಕಷ್ಟ

ಇನ್ನು ಮಾಲೀಕರ ಮಾತನ್ನೂ ನ್ಯಾಯವಾಗಿ ಕೇಳಬೇಕು. ಹಳೆಯ ಬಾಡಿಗೆಯಿಂದ ಬರುವ ಹಣವು ಸುಣ್ಣ ಬಳಿಸುವುದಕ್ಕೂ ಸಾಲದು. ಪಕ್ಕದ ನಿವೇಶನದಲ್ಲಿ ಇಪ್ಪತ್ತು ಅಂತಸ್ತುಗಳು ಏಳುತ್ತಿರುವಾಗ ತನ್ನ ಎರಡು ಅಂತಸ್ತಿನ ಮನೆಯನ್ನು ಪಟ್ಟಿಗೆ ಸೇರಿಸಿದರೆ ಯಾರಿಗಾದರೂ ಚಿಂತೆಯಾಗುವುದು ಸಹಜ. ಮುಂಬಯಿಯಲ್ಲಿ 2012ರಲ್ಲಿ ಪಟ್ಟಿಯನ್ನು ವಿಸ್ತರಿಸಲು ಹೊರಟಾಗ ಶಿವಾಜಿ ಪಾರ್ಕ್ ಮುಂತಾದ ಬಡಾವಣೆಗಳ ನಿವಾಸಿಗಳಲ್ಲಿ ಅನೇಕರು ವಿರೋಧಿಸಿದ್ದು ಈ ಕಾರಣಕ್ಕಾಗಿಯೇ. ಈ ಕಷ್ಟಕ್ಕೆ ನಿಯಮದಲ್ಲಿಯೇ ಒಂದು ಪರಿಹಾರವಿದೆ. ಕಟ್ಟಡವನ್ನು ಉಳಿಸಿಕೊಂಡದ್ದರಿಂದ ಕಳೆದುಕೊಂಡ ನಿರ್ಮಾಣದ ಹಕ್ಕನ್ನು ಬೇರೆಡೆ ಉಪಯೋಗಿಸಲು ಅಥವಾ ಮಾರಲು ಮಾಲೀಕನಿಗೆ ಅವಕಾಶ ಕೊಡಬಹುದು. ಇದನ್ನು ವರ್ಗಾಯಿಸಬಹುದಾದ ಅಭಿವೃದ್ಧಿ ಹಕ್ಕು ಎನ್ನುತ್ತಾರೆ. ಇಡೀ ಊರಿನ ಸಂತೋಷಕ್ಕಾಗಿ ಒಬ್ಬನೇ ವೆಚ್ಚವನ್ನು ಭರಿಸಬೇಕೆಂಬುದು ಧರ್ಮವಲ್ಲ. ಪಟ್ಟಿ ಮಾಡುವ ಕೈ ಪರಿಹಾರವನ್ನೂ ಕೊಡುವ ಕೈಯಾಗಬೇಕು.

ಹಳೆಯದೆಲ್ಲವನ್ನೂ ಉಳಿಸಲೇಬೇಕೆಂದು ನಾನು ಹೇಳುತ್ತಿಲ್ಲ. 1860ರ ದಶಕದಲ್ಲಿ ಈ ನಗರದ ಕೋಟೆಯ ಗೋಡೆಗಳನ್ನು ಕೆಡಹಿದ್ದರಿಂದ ದೊರೆತ ಬಯಲಿನ ಅಂಚಿನಲ್ಲಿಯೇ ಇಂದು ವಿಶ್ವ ಪರಂಪರೆಯ ಪಟ್ಟಿಯಲ್ಲಿರುವ ಭವನಗಳ ಸಾಲು ಎದ್ದುನಿಂತಿತು. ಕೆಡಹುವುದು ಕೆಲವೊಮ್ಮೆ ಅವಶ್ಯ. ಆದರೆ ಅದು ಯೋಚಿಸಿ, ಜನರ ಅಭಿಪ್ರಾಯ ಕೇಳಿ, ಹಗಲಿನ ಬೆಳಕಿನಲ್ಲಿ ಆಗಬೇಕು.

ನಾವು ಮಾಡಬಹುದಾದದ್ದು

ಪರಂಪರೆಯನ್ನು ಗೌರವಿಸಿ ಉಳಿಸಿಕೊಳ್ಳುವುದು ಸಂವಿಧಾನದ 51ಎ ಅನುಚ್ಛೇದವು ಹೇಳಿದ ನಾಗರಿಕನ ಮೂಲಭೂತ ಕರ್ತವ್ಯಗಳಲ್ಲೊಂದು. ಅದಕ್ಕಾಗಿ ನಾವು ಮಾಡಬಹುದಾದ ಕೆಲಸಗಳು ಸಣ್ಣವು.

ಮೊದಲನೆಯದಾಗಿ, ನಮ್ಮ ಬೀದಿಯ ಯಾವ ಕಟ್ಟಡವು ಪಟ್ಟಿಯಲ್ಲಿದೆ, ಯಾವುದು ಇಲ್ಲ ಎಂಬುದನ್ನು ನಗರಪಾಲಿಕೆಯಲ್ಲಿ ವಿಚಾರಿಸಿ ತಿಳಿಯಬೇಕು. ಮಾಹಿತಿ ದೊರೆಯದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆಯಂತೆ ಅರ್ಜಿ ಸಲ್ಲಿಸಬಹುದು. ಎರಡನೆಯದಾಗಿ, ಪಟ್ಟಿಗೆ ಸೇರಿಸುವ ಅಥವಾ ತೆಗೆಯುವ ಪ್ರಕಟಣೆ ಬಂದಾಗ ಆಕ್ಷೇಪಣೆ ಮತ್ತು ಸಲಹೆಗಳನ್ನು ಕೊಟ್ಟ ಅವಧಿಯೊಳಗೆ ಬರೆದು ಕಳುಹಿಸಬೇಕು. ಆಪತ್ತು ಬಂದ ಮೇಲೆ ಕೂಗುವುದಕ್ಕಿಂತ ಮುಂಚೆ ಬರೆದ ಒಂದು ಪತ್ರವು ಹೆಚ್ಚು ಕೆಲಸ ಮಾಡುತ್ತದೆ. ಮೂರನೆಯದಾಗಿ, ನಮ್ಮ ಸಂಘಗಳ ಹಳೆಯ ಕಟ್ಟಡಗಳ, ಹಿರಿಯರು ಬಾಳಿದ ಚಾಳುಗಳ ಛಾಯಾಚಿತ್ರಗಳನ್ನೂ ನೆನಪುಗಳನ್ನೂ ದಿನಾಂಕ ಸಹಿತ ದಾಖಲಿಸಬೇಕು. ಕಟ್ಟಡದ ಮಹತ್ವವನ್ನು ಸಮಿತಿಯ ಮುಂದೆ ಸಾಬೀತುಪಡಿಸಲು ಇಂತಹ ದಾಖಲೆಗಳೇ ಬೇಕಾಗುತ್ತವೆ. ನಾಲ್ಕನೆಯದಾಗಿ, ನಾವೇ ಮಾಲೀಕರು ಅಥವಾ ಬಾಡಿಗೆದಾರರಾಗಿದ್ದರೆ ಪ್ರತಿ ಮಳೆಗಾಲಕ್ಕೆ ಮುಂಚೆ ಮಾಡು, ಮೋರಿ, ಗೋಡೆಗಳನ್ನು ಪರೀಕ್ಷಿಸಿ ಸಣ್ಣ ದುರಸ್ತಿಯನ್ನು ಆಗಿಂದಾಗಲೇ ಮಾಡಿಸಬೇಕು.

ಬಾಂಧವರೇ, ನಿಯಮವು ಕಟ್ಟಡವನ್ನು ಎತ್ತಿ ಹಿಡಿಯುವ ಕಂಬವಲ್ಲ. ದೊಣ್ಣೆ ಎತ್ತಿದ ಕೈಯನ್ನು ಕೆಲವು ದಿನ ತಡೆದು ನಿಲ್ಲಿಸುವ ಮತ್ತೊಂದು ಕೈ ಮಾತ್ರ. ಅದು ಗಳಿಸಿಕೊಟ್ಟ ದಿನಗಳಲ್ಲಿ ಕೇಳಬೇಕಾದ್ದನ್ನು ಕೇಳಿ, ಮಾಡಬೇಕಾದ್ದನ್ನು ಮಾಡುವ ಹೊಣೆ ನಮ್ಮದು. ಇಲ್ಲಿಂದ ಮನೆಗೆ ಹೋಗುವಾಗ ತಾವು ದಿನವೂ ದಾಟಿಹೋಗುವ ಹಳೆಯ ಕಟ್ಟಡವೊಂದನ್ನು ಇಂದು ಸ್ವಲ್ಪ ನಿಂತು ನೋಡಬೇಕೆಂದು ವಿನಂತಿಸಿ ನನ್ನ ಮಾತುಗಳನ್ನು ಮುಗಿಸುತ್ತೇನೆ.